ಘಾಟಿ ಇಳಿಯದ ಕಾರು

ಬ್ರೇಕ್ ಹಿಡಿಯದೆ ಹೋದ ಕಥೆ ಘಾಟಿ ಸೀಮೆಯ ಮನೆಮನೆಯಲ್ಲೂ ಒಂದಾದರೂ ಸಿಗುತ್ತದೆ. ನಾನು ಹೇಳಹೊರಟಿರುವುದು ಹಿಡಿದ ಬ್ರೇಕ್ ಬಿಡದೆ ಹೋದ ಕಥೆ. ನಡೆದದ್ದು ಆಗುಂಬೆಯಲ್ಲಿ, ನವರಾತ್ರಿ ಕಳೆದು ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿಗೆ ಇನ್ನೂ ಜನ ಹೊಂದಿಸುತ್ತಿದ್ದ ದಿನಗಳಲ್ಲಿ. ಕಾರು ಚಿಕ್ಕಯ್ಯನದು. ಒಳಗಿದ್ದವರು ಚಿಕ್ಕಯ್ಯ, ಚಿಕ್ಕಮ್ಮ, ನಾನು.

ಚಿಕ್ಕಯ್ಯನ ತೋಟ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯಿಂದ ಒಳಕ್ಕೆ. ಜೂನ್ ಬಂತೆಂದರೆ ಮನೆಯ ಮಣ್ಣಿನ ರಸ್ತೆ ರಾಡಿಯಾಗುತ್ತದೆ. ಆಮೇಲೆ ಏನಿದ್ದರೂ ಹಳೇ ಜೀಪು. ಕಾರು ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಟಾರ್ಪಾಲು ಹೊದ್ದು ದೀಪಾವಳಿಯ ಹೊತ್ತಿನತನಕ ನಿಂತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂದು ಪುಸ್ತಕದಲ್ಲಿ ಓದುವುದು ಒಂದು, ಆ ಮಳೆಯ ಆಸುಪಾಸಿನಲ್ಲಿ ಕಬ್ಬಿಣದ ಒಂದು ವಸ್ತುವನ್ನು ನಾಲ್ಕು ತಿಂಗಳು ಅಲುಗಾಡಿಸದೆ ಇಟ್ಟು ನೋಡುವುದು ಇನ್ನೊಂದು. ಅಲ್ಲಿ ಬೆಂಕಿಪೆಟ್ಟಿಗೆ ಮೆತ್ತಗಾಗುತ್ತದೆ, ಗೋಡೆಗೆ ನೇತುಹಾಕಿದ ಕತ್ತಿಗೆ ರಾತ್ರಿ ಕಳೆಯುವುದರೊಳಗೆ ಕೆಂಪು ಹತ್ತುತ್ತದೆ. ನಿಂತ ಕಾರಿನ ಬ್ರೇಕ್ ಡಿಸ್ಕಿಗೂ ಹತ್ತುತ್ತದೆ. ಮೊದಲ ಸಲ ಹೊರಟಾಗ ಗರಗರ ಎಂದು ಸದ್ದು ಮಾಡಿ, ನಾಲ್ಕಾರು ಸಲ ಬ್ರೇಕ್ ಒತ್ತಿದ ಮೇಲೆ ಉಜ್ಜಿಹೋಗಿ ಡಿಸ್ಕು ಮತ್ತೆ ಹೊಳೆಯುತ್ತದೆ. ಅದು ಪ್ರತಿವರ್ಷದ್ದು, ಅದಕ್ಕೆ ಯಾರೂ ಹೆದರುವುದಿಲ್ಲ.

ಆ ಸಲವೂ ಗರಗರ ಸದ್ದು ಬಂತು, ಹೋಯಿತು. ಚಿಕ್ಕಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಉಡುಪಿಯಲ್ಲಿ ಮಗಳ ಮನೆ, ಅಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸುವುದು ಎಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಕಡುಬು ತಿಂದು ಹೊರಟೆವು. ಮುಂದಿನ ಪ್ಯಾಡುಗಳನ್ನು ಮೇ ತಿಂಗಳಲ್ಲಷ್ಟೇ ಪೇಟೆಯ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದು. ಹಾಗಾಗಿ ಬ್ರೇಕಿನ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ.

ಮೊದಲು ಗೊತ್ತಾದದ್ದು ಚಿಕ್ಕಮ್ಮನಿಗೆ. ಕಣ್ಣು ಮಂಜಾಗಿದ್ದರೇನಾಯಿತು, ಮೂಗು ಚುರುಕಾಗಿತ್ತು.

"ಎಂತದೋ ಸುಟ್ಟ ವಾಸ್ನೆ ಬರ್ತಿದೆಯಲ್ರೀ."

"ಯಾರೋ ದರಗು ಸುಡ್ತಿರ್ಬೇಕು" ಅಂದರು ಚಿಕ್ಕಯ್ಯ.

"ದರಗಿನ ವಾಸ್ನೆ ನಂಗೆ ಗೊತ್ತಿಲ್ವಾ? ಇದು ಬೇರೆ."

ನಿಜಕ್ಕೂ ಬೇರೆಯೇ. ಬಿಸಿ ಕಬ್ಬಿಣ, ರಾಳ, ಸುಟ್ಟ ಬಟ್ಟೆ ಎಲ್ಲ ಕೂಡಿದ ಘಾಟು. ಚಿಕ್ಕಯ್ಯನಿಗೆ ಕ್ಲಚ್ ಮೇಲೆ ಅನುಮಾನ ಬಂತು. ಕ್ಲಚ್ ಪ್ಲೇಟ್ ಸುಟ್ಟರೂ ಹೆಚ್ಚುಕಡಿಮೆ ಇಂಥದ್ದೇ ವಾಸನೆ. ಆದರೆ ಅದು ಬರುವುದು ಏರಿನಲ್ಲಿ ಒದ್ದಾಡಿ ಗಾಡಿ ಎತ್ತಿದ ಮೇಲೆ. ನಾವು ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಹೋಗುತ್ತಿದ್ದೆವು. ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬಂತು: ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರು ಹಾಗೇ ತೇಲಿಕೊಂಡು ಮುಂದೆ ಹೋಗಬೇಕಲ್ಲ, ಇದು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಕುಗ್ಗಿ ನಿಲ್ಲುತ್ತಿತ್ತು. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿದೆ ಎಂದು ಚಿಕ್ಕಯ್ಯ ಆಮೇಲೆ ಹೇಳಿದರು. ಎರಡು ಮಾತನ್ನೂ ಸೇರಿಸಿ ನೋಡಿದರೆ ಎಡಗಡೆಯ ಮುಂದಿನ ಚಕ್ರ ಎಂದು ಅಲ್ಲೇ ಹೇಳಬಹುದಿತ್ತು.

ಆಗುಂಬೆ ಊರು ದಾಟಿ, ಸಂಜೆಯ ಹೊತ್ತು ಸೂರ್ಯಾಸ್ತ ನೋಡಲು ಜನ ಸೇರುವ ಜಾಗದ ಹತ್ತಿರ ಕಾರು ನಿಲ್ಲಿಸಿದೆವು. ಬೆಳಗಿನ ಹೊತ್ತಾದ್ದರಿಂದ ಅಲ್ಲಿ ಕೋತಿಗಳ ಹೊರತು ಯಾರೂ ಇರಲಿಲ್ಲ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡುತ್ತ ಹೋದೆ. ಮುಟ್ಟಬಾರದು, ಗೇಣು ದೂರದಲ್ಲಿ ಹಿಡಿದರೆ ಸಾಕು. ಹಿಂದಿನ ಎರಡೂ ತಣ್ಣಗಿದ್ದವು. ಬಲಗಡೆಯ ಮುಂದಿನದು ಬೆಚ್ಚಗಿತ್ತು, ಬ್ರೇಕ್ ಹಿಡಿದ ಗಾಡಿಗೆ ಅದು ಸಹಜ. ಎಡಗಡೆಯ ಮುಂದಿನದರ ಹತ್ತಿರ ಕೈ ನಿಲ್ಲಲಿಲ್ಲ. ಚಕ್ರಕ್ಕೆ ಮುಚ್ಚಿದ ಪ್ಲಾಸ್ಟಿಕ್ ಕ್ಯಾಪಿನ ಒಳ ಅಂಚು ಮೆತ್ತಗಾಗಿ ಸೊಟ್ಟಗಾಗಿತ್ತು. ರಿಮ್ಮಿನ ತೂತಿನೊಳಗೆ ಇಣುಕಿದರೆ ಡಿಸ್ಕಿನ ಮೇಲೆ ನೀಲಿ ಛಾಯೆ ಕಂಡಿತು. ಕಬ್ಬಿಣ ಮೈ ಬಣ್ಣ ಬದಲಿಸುವಷ್ಟು ಕಾದಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಲ್ಲಿಂದ ಮುಂದೆ ಘಾಟಿ. ಸೋಮೇಶ್ವರದ ತನಕ 14 ಹೇರ್‌ಪಿನ್ ತಿರುವು, ಒಂದೊಂದರಲ್ಲೂ ಬ್ರೇಕ್ ಒತ್ತದೆ ಗತಿಯಿಲ್ಲ. ಎರಡನೇ ಗೇರಿನಲ್ಲಿ ಇಳಿದರೂ ಅಷ್ಟೇ. ಬ್ರೇಕ್ ಬಿಗಿಯಾಗಿ ಹಿಡಿದುಕೊಂಡಿದೆಯಲ್ಲ, ಇಳಿಜಾರಿಗೆ ಒಳ್ಳೆಯದೇ ಆಯಿತು ಎಂದುಕೊಂಡರೆ ಅದರಂಥ ತಪ್ಪು ಲೆಕ್ಕ ಇನ್ನೊಂದಿಲ್ಲ. ಪೆಡಲಿನಿಂದ ಚಕ್ರದ ತನಕ ಒತ್ತಡ ಸಾಗಿಸುವುದು ಬ್ರೇಕ್ ಆಯಿಲ್. ಅದಕ್ಕೆ ಗಾಳಿಯಲ್ಲಿನ ತೇವ ಹೀರುವ ಗುಣ. ಹೊಸ ಡಾಟ್ 3 ದರ್ಜೆಯ ಆಯಿಲ್ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಡಾಟ್ 4 ಆದರೆ 230. ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ, 155ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡ ಆಯಿಲ್ ಎಷ್ಟು ತೇವ ಕುಡಿದಿರುತ್ತದೆ ಎಂದು ಯೋಚಿಸಿ. ಚಕ್ರದ ಹತ್ತಿರ ಪ್ಯಾಡು ಒತ್ತುವ ಕ್ಯಾಲಿಪರಿನೊಳಗೆ ಅದು ಒಮ್ಮೆ ಕುದಿದು ಆವಿಯಾಯಿತೋ, ಪೆಡಲ್ ಒತ್ತಿದಾಗ ಆವಿ ಕುಗ್ಗುತ್ತದೆಯೇ ಹೊರತು ಒತ್ತಡ ಮುಂದೆ ಹೋಗುವುದಿಲ್ಲ. ಕಾಲು ನೆಲಕ್ಕೆ ಹತ್ತುತ್ತದೆ. ಬ್ರೇಕ್ ಬಿಡದ ಕಾಯಿಲೆ ಬ್ರೇಕ್ ಹಿಡಿಯದ ಕಾಯಿಲೆಯಾಗಿ ತಿರುಗುವುದು ಹೀಗೆ, ಅದೂ ತಿರುವಿನ ನಡುವೆ.

ಚಿಕ್ಕಯ್ಯ ಘಾಟಿಯ ಕಡೆ ನೋಡಿದರು, ಚಕ್ರದ ಕಡೆ ನೋಡಿದರು. "ಇಳಿಯೋದು ಬೇಡ" ಅಂದರು. ಚಿಕ್ಕಮ್ಮನೂ ಎರಡನೇ ಮಾತಾಡಲಿಲ್ಲ. "ನಾನು ಮಿನಿ ಬಸ್ಸಿಗೆ ಹೋಗ್ತೀನಿ. ಬಸ್ ಹತ್ತುವಷ್ಟು ಕಣ್ಣು ಕಾಣ್ತದೆ ನಂಗೆ. ಉಡುಪೀಲಿ ಮಗಳು ಸ್ಟ್ಯಾಂಡಿಗೇ ಬರ್ತಾಳೆ" ಎಂದು ಚೀಲ ಎತ್ತಿಕೊಂಡರು. ಕೈಮಾಡಿದ ಬಸ್ಸು ನಿಂತಿತು. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಕಳಿಸಿದೆವು. ಆ ಹೊತ್ತಿನಲ್ಲಿ ಧೈರ್ಯ ಎಂದು ನನಗೆ ಕಂಡದ್ದು ಇಬ್ಬರ ಆ ಎರಡು ನಿರ್ಧಾರ.

ನಮ್ಮ ಸೀಮೆಯಲ್ಲಿ ಲಾರಿ, ಜೀಪು, ಪವರ್ ಟಿಲ್ಲರು ಯಾವುದು ಕೆಟ್ಟರೂ ಹೇಳಿಕಳಿಸುವುದು ಒಬ್ಬರೇ ಮೆಕ್ಯಾನಿಕ್ಕಿಗೆ. ಊರವರಿಗೆಲ್ಲ ಅವರು ಮೇಸ್ತ್ರಿ. ಚಿಕ್ಕಯ್ಯ ಫೋನ್ ಮಾಡಿದರು. ಆ ಕಡೆಯಿಂದ ಬಂದ ಮೊದಲ ಮಾತು, "ಗೌಡ್ರೇ, ಚಕ್ರಕ್ಕೆ ನೀರು ಮಾತ್ರ ಹೊಯ್ಬೇಡಿ." ಕಾದ ಡಿಸ್ಕಿನ ಮೇಲೆ ತಣ್ಣೀರು ಬಿದ್ದರೆ ಒಂದು ಕಡೆ ಥಟ್ಟನೆ ಕುಗ್ಗಿ ಡಿಸ್ಕು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಎರಡನೆಯ ಮಾತು, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರಲು ಬಿಡಿ ಎಂದು. ಆರಿದ ಮೇಲೆ ನಡಿಗೆಯ ವೇಗದಲ್ಲಿ, ಬ್ರೇಕ್ ಮುಟ್ಟದೆ, ಊರಿನ ಕಡೆಯ ಸಮತಟ್ಟು ಜಾಗಕ್ಕೆ ತನ್ನಿ, ಇಳಿಜಾರಿನಲ್ಲಿ ನಾನು ಜಾಕಿ ಹಾಕುವುದಿಲ್ಲ ಎಂದರು.

ಮೇಸ್ತ್ರಿ ಬೈಕಿನಲ್ಲಿ ಬಂದರು. ಹಿಂದೆ ಕಟ್ಟಿದ್ದ ಗೋಣಿಚೀಲದಲ್ಲಿ ಸಾಮಾನು. ಬಂದವರೇ ಪಾನಾ ಕೈಗೆತ್ತಿಕೊಳ್ಳಲಿಲ್ಲ. ಯಾವಾಗ ಹೊರಟಿರಿ, ವಾಸನೆ ಎಲ್ಲಿ ಶುರುವಾಯಿತು, ಪೆಡಲ್ ಗಟ್ಟಿಯಿತ್ತಾ ಮೆತ್ತಗಿತ್ತಾ, ಕಾರು ಎಷ್ಟು ತಿಂಗಳು ನಿಂತಿತ್ತು, ಪ್ಯಾಡ್ ಹಾಕಿಸಿದ್ದು ಯಾವಾಗ ಎಂದು ಒಂದೊಂದೇ ಕೇಳಿದರು. ಕೊನೆಯ ಪ್ರಶ್ನೆಗೆ ಉತ್ತರ ಕೇಳಿದ ಮೇಲೆ ಒಂದು ಸಲ ತಲೆಯಾಡಿಸಿದರು, ಏನೂ ಹೇಳಲಿಲ್ಲ.

ಜಾಕಿ ಏರಿಸಿ, ಜಾಕಿಯೊಂದನ್ನೇ ನಂಬದೆ ಸ್ಟೆಪ್ನಿಯನ್ನು ಬಾಗಿಲ ಪಟ್ಟಿಯ ಕೆಳಗೆ ಅಡ್ಡ ತಳ್ಳಿ, ಚಕ್ರ ತಿರುಗಿಸಿ ನೋಡಿದರು. ಆರಿದ್ದರಿಂದ ಸುಮಾರಾಗಿ ತಿರುಗಿತು. "ಈಗ ನಾಲ್ಕು ಸಲ ಬ್ರೇಕ್ ಜೋರಾಗಿ ಒತ್ತಿ ಬಿಡಿ" ಎಂದರು. ಚಿಕ್ಕಯ್ಯ ಒತ್ತಿ ಬಿಟ್ಟರು. ಈಗ ಚಕ್ರ ತಿರುಗಿಸಲು ಎರಡು ಕೈ ಬೇಕಾಯಿತು.

"ಜಾಮ್ ಆಗಿರೋದು ಖರೆ. ಎಲ್ಲಿ ಅಂತ ನೋಡ್ಬೇಕು."

ಮುಂದೆ ಅವರು ಮಾಡಿದ ಪರೀಕ್ಷೆ ಸಣ್ಣದು. ಆದರೆ ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ. ಚಕ್ರ ಬಿಚ್ಚಿ, ಕ್ಯಾಲಿಪರಿನ ಬೆನ್ನಿನಲ್ಲಿರುವ ಬ್ಲೀಡ್ ನಿಪ್ಪಲಿಗೆ ಸಣ್ಣ ಪೈಪು ತೊಡಿಸಿ, ಅದರ ತುದಿಯನ್ನು ಬಾಟಲಿಯೊಳಗೆ ಬಿಟ್ಟು, ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದರು. ಆಯಿಲ್ ಚಿಮ್ಮಲಿಲ್ಲ, ನಿಧಾನಕ್ಕೆ ಜಿನುಗಿತು. ಹಬ್ ತಿರುಗಿಸಿದರು. ಬಿಗಿ ಹಾಗೆಯೇ ಇತ್ತು.

"ನೋಡಮ್ಮಾ" ಎಂದು ನನ್ನ ಕಡೆ ತಿರುಗಿದರು. "ನಿಪ್ಪಲ್ ಬಿಟ್ಟ ಕೂಡ್ಲೆ ಚಕ್ರ ಸಡಿಲ ಆಗಿದ್ರೆ, ಕಾಲು ತೆಗೆದ ಮೇಲೂ ಒತ್ತಡ ಒಳಗೇ ನಿಂತಿದೆ ಅಂತ ಅರ್ಥ. ಹೋಸ್ ಪೈಪ್ ಒಳಗಿಂದ ಊದಿರ್ಬಹುದು, ಇಲ್ಲ ಮೇಲೆ ಮಾಸ್ಟರ್ ಸಿಲಿಂಡರ್ ಆಯಿಲ್ ವಾಪಸ್ ಬಿಡ್ತಾ ಇಲ್ಲ. ಇಲ್ಲಿ ಒತ್ತಡ ಇಲ್ಲ, ಆದ್ರೂ ಹಿಡ್ಕೊಂಡಿದೆ. ಅಂದ್ರೆ ಕಾಯಿಲೆ ಇಲ್ಲೇ ಇದೆ, ಈ ಕಬ್ಬಿಣದಲ್ಲಿ."

ಅರ್ಧ ಸುತ್ತು ತಿರುಪಿದ್ದರಲ್ಲಿ ಅರ್ಧ ಕಾರನ್ನು ಅನುಮಾನದ ಪಟ್ಟಿಯಿಂದ ಹೊಡೆದುಹಾಕಿದ್ದರು. ರಬ್ಬರಿನ ಹೋಸ್ ಹಳತಾದಾಗ ಒಳಪದರ ಸಡಿಲಾಗಿ ಪೆಡಲ್ ಒತ್ತಿದಾಗ ಆಯಿಲನ್ನು ಹೋಗಲು ಬಿಡುತ್ತದೆ, ಮರಳಲು ಬಿಡುವುದಿಲ್ಲ. ಹೊರಗಿನಿಂದ ನೋಡಿದರೆ ಪೈಪು ಚೆನ್ನಾಗಿಯೇ ಕಾಣುತ್ತದೆ. ಈ ಪರೀಕ್ಷೆ ಮಾಡದೆ ಕ್ಯಾಲಿಪರ್ ಬದಲಿಸಿ, ಆಮೇಲೂ ಬ್ರೇಕ್ ಹಿಡಿದುಕೊಂಡು, ಡಿಸ್ಕು ಬದಲಿಸಿ, ಸಾವಿರಾರು ರೂಪಾಯಿ ಸುರಿದವರನ್ನು ನಾನು ಆಮೇಲೆ ನೋಡಿದ್ದೇನೆ. ಕೈಯ ಕೆಲಸ ಅನೇಕರಿಗೆ ಗೊತ್ತು. ಯಾವ ಪ್ರಶ್ನೆ ಮೊದಲು ಕೇಳಬೇಕು ಎಂಬುದು ಗೊತ್ತಿರುವವರು ಕಡಿಮೆ, ಅಂಥವರಿಗೆ ಕೊಡುವ ಕೂಲಿ ಎಷ್ಟಾದರೂ ಹೆಚ್ಚಲ್ಲ ಎಂದು ನನ್ನ ಎಣಿಕೆ.

ಕ್ಯಾಲಿಪರ್ ಎಂಬ ಈ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಇಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹಿಡಿಯುವುದಿಲ್ಲ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕು. ಅದರ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಪ್ಯಾಡು. ಎರಡನ್ನೂ ತಬ್ಬಿಕೊಂಡಿರುವ ಎರಕದ ಚೌಕಟ್ಟು ಕ್ಯಾಲಿಪರ್. ನಮ್ಮ ಸಣ್ಣ ಕಾರುಗಳಲ್ಲಿ ಪಿಸ್ಟನ್ ಇರುವುದು ಒಳಮಗ್ಗುಲಿಗೆ ಮಾತ್ರ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ತಳ್ಳಿದ ಬಲಕ್ಕೆ ಕ್ಯಾಲಿಪರೇ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನು ಇನ್ನೊಂದು ಕಡೆಯಿಂದ ಎಳೆದು ಒತ್ತುತ್ತದೆ. ಹೀಗೆ ಸರಿಯಲು ಅದಕ್ಕಿರುವ ದಾರಿ ಎಂದರೆ ಬೆರಳು ಗಾತ್ರದ ಎರಡು ಉಕ್ಕಿನ ಪಿನ್ನು, ಮೇಲೊಂದು ಕೆಳಗೊಂದು. ಇನ್ನು ಕಾಲು ತೆಗೆದಾಗ ಬಿಡಿಸುವವರು ಯಾರು? ಡ್ರಮ್ ಬ್ರೇಕಿನಲ್ಲಾದರೆ ಲೈನರನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇದೆ. ಇಲ್ಲಿ ಅಂಥದ್ದೇನೂ ಇಲ್ಲ. ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಉಂಗುರವಿದೆ. ಪಿಸ್ಟನ್ ಮುಂದೆ ಹೋಗುವಾಗ ಅದು ತಿರುಚಿಕೊಳ್ಳುತ್ತದೆ, ಒತ್ತಡ ಹೋದ ಕೂಡಲೇ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಅಷ್ಟೇ ಅಂತರ. ಅಷ್ಟರಲ್ಲೇ ಕ್ಯಾಲಿಪರ್ ಪಿನ್ನುಗಳ ಮೇಲೆ ಸಡಿಲವಾಗಿ ಜಾರಿ ಹೊರಗಿನ ಪ್ಯಾಡನ್ನೂ ಬಿಟ್ಟುಕೊಡಬೇಕು. ಇಡೀ ಕಾರನ್ನು ತಡೆದು ನಿಲ್ಲಿಸುವ ಯಂತ್ರ ಇಷ್ಟು ಸೂಕ್ಷ್ಮವಾದ ಮರಳುವಿಕೆಯ ಮೇಲೆ ನಿಂತಿದೆ ಎಂದು ತಿಳಿದಾಗಿನಿಂದ ನನಗೆ ಅದರ ಮೇಲೆ ಗೌರವ ಹೆಚ್ಚಿದೆ.

ಚಿಕ್ಕಯ್ಯನಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. "ಅಂಬಾಸಿಡರ್ ಇದ್ದಾಗ ಈ ತಾಪತ್ರಯವೇ ಇರ್ಲಿಲ್ಲ. ನಾಲ್ಕಕ್ಕೂ ಡ್ರಮ್ಮು."

ಮೇಸ್ತ್ರಿ ಕೆಲಸ ಬಿಡದೆ ಉತ್ತರ ಕೊಟ್ಟರು. "ಅಂಬಾಸಿಡರಲ್ಲಿ ಘಾಟಿ ಇಳ್ದು ಸೋಮೇಶ್ವರ ಮುಟ್ಟುವಾಗ ಬ್ರೇಕ್ ಎಷ್ಟು ಉಳೀತಿತ್ತು ಹೇಳಿ ಗೌಡ್ರೇ."

ಚಿಕ್ಕಯ್ಯ ನಕ್ಕರು. ಮುಚ್ಚಿದ ಡ್ರಮ್ಮಿನೊಳಗೆ ಶಾಖ ಸಿಕ್ಕಿಕೊಂಡು ಇಳಿಜಾರಿನ ಕೊನೆಗೆ ಬ್ರೇಕ್ ಬತ್ತಿಹೋಗುವುದು ಹಳಬರಿಗೆಲ್ಲ ಗೊತ್ತಿದ್ದದ್ದೇ. ಡಿಸ್ಕು ಗಾಳಿಗೆ ಮೈ ಒಡ್ಡಿಕೊಂಡಿರುತ್ತದೆ, ಬೇಗ ಆರುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೂ ಜನ ನಂಬಿದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ 24 ಗಂಟೆಯ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ. ಹಗಲು ರಾತ್ರಿ ಒತ್ತಿ ಒತ್ತಿ ಬಿಟ್ಟರೂ ಬತ್ತದ ಬ್ರೇಕ್ ಇದೆ ಎಂದು ಅಲ್ಲಿ ಕಂಡಿತು. ನಮ್ಮ ಘಾಟಿಗಳಿಗೆ ಡಿಸ್ಕೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ಕೇಳುವುದು ವರ್ಷಕ್ಕೊಮ್ಮೆ ಸ್ವಲ್ಪ ಆರೈಕೆ.

ಮೇಸ್ತ್ರಿ ಎರಡು ಬೋಲ್ಟು ಬಿಚ್ಚಿ ಕ್ಯಾಲಿಪರನ್ನು ಹೊರತೆಗೆದರು. ಸುಲಭಕ್ಕೆ ಬರಲಿಲ್ಲ, ಸ್ಕ್ರೂಡ್ರೈವರಿನಲ್ಲಿ ಮೀಟಬೇಕಾಯಿತು. ತೆಗೆದದ್ದನ್ನು ಹೋಸಿನಲ್ಲಿ ಜೋತುಬಿಡದೆ ಮೇಲಿನ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿದರು. ಹೋಸಿಗೆ ಭಾರ ಬಿದ್ದರೆ ಒಳಗೇ ಹರಿಯುತ್ತದೆ. ಪ್ಯಾಡು ಎರಡನ್ನೂ ಬಾನೆಟ್ಟಿನ ಮೇಲೆ ಹಾಸಿದ ಬಟ್ಟೆಯ ಮೇಲೆ ಇಟ್ಟರು. ಮೇ ತಿಂಗಳಲ್ಲಿ ಹಾಕಿಸಿದವು, ಆಮೇಲೆ ಓಡಿದ್ದೂ ಅಷ್ಟಕ್ಕಷ್ಟೆ. ಆದರೂ ಒಳಗಿನದರ ಒಂದು ತುದಿ ಅರ್ಧಕ್ಕೆ ಬಂದಿತ್ತು, ಇನ್ನೊಂದು ತುದಿ ಹೊಸದರ ಹಾಗೇ ಇತ್ತು. ಓರೆಯಾಗಿ ಸವೆದಿತ್ತು.

"ಓರೆ ಸವೆದಿದೆ ಅಂದ್ರೆ ಕ್ಯಾಲಿಪರ್ ಓರೆಯಾಗಿ ನಿಂತಿದೆ. ಒಂದು ಕಾಲು ಜಾರ್ತದೆ, ಒಂದು ಕಾಲು ಹೂತಿದೆ" ಎಂದರು. ಪ್ಯಾಡು ಅವರಿಗೆ ಓದಿ ಹೇಳುವ ಕಾಗದವಾಗಿತ್ತು.

ಆದರೂ ಪಿಸ್ಟನ್ನಿನ ವಿಚಾರಣೆ ಬಿಡಲಿಲ್ಲ. ಹಳೇ ಪ್ಯಾಡನ್ನು ಅದರ ಮುಖಕ್ಕೆ ಕೊಟ್ಟು, ಸಿ-ಕ್ಲ್ಯಾಂಪ್ ಹಾಕಿ, ನಿಪ್ಪಲ್ ಸಡಿಲ ಬಿಟ್ಟು ನಿಧಾನಕ್ಕೆ ತಿರುಪಿದರು. ತಡವರಿಸದೆ, ಓರೆಯಾಗದೆ ಒಳಗೆ ಹೋಯಿತು. ಹಳೇ ಆಯಿಲ್ ಬಾಟಲಿಗೆ ಬಂತು. ಹೀಗೆ ನಿಪ್ಪಲ್ ತೆರೆದಿಟ್ಟು ತಳ್ಳಿದರೆ ಆ ಕೊಳೆಯೆಲ್ಲ ಮಾಸ್ಟರ್ ಸಿಲಿಂಡರಿಗೆ ಏರುವ ಭಯವಿಲ್ಲ. ಪಿಸ್ಟನ್ನಿನ ಧೂಳುಗವಸು ಹರಿದಿರಲಿಲ್ಲ, ಮೈಗೆ ತುಕ್ಕಿರಲಿಲ್ಲ. "ಇವನು ನಿರಪರಾಧಿ" ಎಂದು ಬದಿಗಿಟ್ಟರು.

ಉಳಿದದ್ದು ಎರಡು ಪಿನ್ನು. ಮೇಲಿನದನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಎಳೆದರೆ ಸರಕ್ಕನೆ ಬಂತು. ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ. ಸುತ್ತಿಗೆ ಹಾಕಲಿಲ್ಲ, ಬೆಂಕಿ ತೋರಿಸಲಿಲ್ಲ, ಎರಡೂ ರಬ್ಬರಿಗೂ ತೂತಿಗೂ ಕೇಡು. ತಲೆಗೆ ಪಾನಾ ಕೊಟ್ಟು ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ ತಿರುಗಿಸುತ್ತ, ಎಳೆಯುತ್ತ ಕೂತರು. ಹಣೆಯ ಬೆವರು ಮೂಗಿನ ತುದಿಗೆ ಬಂದರೂ ಕೈ ತೆಗೆಯಲಿಲ್ಲ. ಬಹಳ ಹೊತ್ತಾದ ಮೇಲೆ ಟಪ್ ಎಂದು ಬಿಟ್ಟುಕೊಂಡಿತು.

ಅದನ್ನು ನನ್ನ ಅಂಗೈ ಮೇಲೆ ಇಟ್ಟರು. ಪಿನ್ನಿನ ತುದಿಗೆ ಒಂದು ಸಣ್ಣ ರಬ್ಬರ್ ಬುಷ್ ತೊಡಿಸಿರುತ್ತಾರೆ, ಗಡಗಡ ಸದ್ದು ಬರದಿರಲಿ ಎಂದು. ಆ ಬುಷ್ ನೆನೆಹಾಕಿದ ಕಡಲೆಯ ಹಾಗೆ ಊದಿತ್ತು. ಉಗುರು ಒತ್ತಿದರೆ ಗುರುತು ಉಳಿಯುವಷ್ಟು ಮೆತ್ತಗೆ. ಅದರ ಸುತ್ತ ಕಂದು ಬಣ್ಣದ ಗ್ರೀಸು ಮೆತ್ತಿತ್ತು. ಮೇಸ್ತ್ರಿ ಆ ಗ್ರೀಸನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದರು.

"ಬೇರಿಂಗಿಗೆ ಹಾಕೋ ಗ್ರೀಸು. ಮೇ ತಿಂಗಳಲ್ಲಿ ಪ್ಯಾಡ್ ಹಾಕಿದವ್ರು ಹಚ್ಚಿದ್ದು. ಒಳ್ಳೇದಾಗ್ಲಿ ಅಂತಲೇ ಹಚ್ಚಿದ್ದು."

ಬ್ರೇಕಿನೊಳಗಿನ ರಬ್ಬರು ಗ್ಲೈಕಾಲ್ ಬುಡದ ಬ್ರೇಕ್ ಆಯಿಲಿಗೆ ಹೊಂದಿಕೊಂಡು ಇರುವಂಥದ್ದು. ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ ಗ್ರೀಸು ತಾಗಿದರೆ ಅದನ್ನು ಹೀರಿ ಊದುತ್ತದೆ. ಹಚ್ಚಿದ ದಿನ ಪಿನ್ನು ಬೆಣ್ಣೆಯಲ್ಲಿ ಜಾರಿದಂತೆ ಜಾರಿರುತ್ತದೆ, ಗಾಡಿ ತಗೊಂಡವರಿಗೂ ಕೊಟ್ಟವರಿಗೂ ಸಮಾಧಾನ. ಆಮೇಲೆ ನಾಲ್ಕು ತಿಂಗಳು ಮಾಡಿನ ಕೆಳಗೆ ನಿಂತಲ್ಲೇ ಬುಷ್ ಊದಿದೆ, ತೂತಿನ ತುಂಬ ಬಿಗಿದು ಕೂತಿದೆ. ಮಳೆಗಾಲದ ತೇವ ಒಳಗೆ ಸೇರಿ ತೂತಿಗೂ ತೆಳುವಾಗಿ ತುಕ್ಕು ಹಿಡಿದಿತ್ತು. ಹಚ್ಚಬೇಕಾದದ್ದು ಶಾಖ ತಡೆಯುವ ಸಿಲಿಕೋನ್ ಗ್ರೀಸು. ಸಣ್ಣ ಟ್ಯೂಬಿನಲ್ಲಿ ಬರುತ್ತದೆ, ಒಂದು ಊಟದ ಖರ್ಚೂ ಆಗುವುದಿಲ್ಲ. ಇಷ್ಟು ಸಣ್ಣ ವಸ್ತು ಗೊತ್ತಿಲ್ಲದ್ದಕ್ಕೆ ಘಾಟಿಯಲ್ಲಿ ಮೂರು ಜೀವ ಹೋಗಬಹುದಿತ್ತು ಎಂದು ಆ ಪಿನ್ನು ಹಿಡಿದುಕೊಂಡಾಗ ನನಗೆ ಕೈ ನಡುಗಿತು. ಈಗಲೂ ಗ್ಯಾರೇಜಿನಲ್ಲಿ ಯಾರಾದರೂ ಕಂದು ಗ್ರೀಸಿನ ಡಬ್ಬಿ ಹಿಡಿದು ಚಕ್ರದ ಹತ್ತಿರ ಕೂತರೆ ಕೇಳದೆ ಇರಲಾರೆ.

ಹೊಸ ಪಿನ್ನು, ಬುಷ್, ರಬ್ಬರ್ ಗವಸು, ಪ್ಯಾಡು ಅಲ್ಲೆಲ್ಲಿ ಸಿಗಬೇಕು? ಮೇಸ್ತ್ರಿ ತೀರ್ಥಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡಿ ಕಾರಿನ ಮಾಡೆಲ್ಲು, ವರ್ಷ ಹೇಳಿದರು. ಅಂಗಡಿಯವರು ಪೊಟ್ಟಣ ಕಟ್ಟಿ ಆಗುಂಬೆ ಕಡೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಬಸ್ಸು ಬರುವ ತನಕ ಹೋಟೆಲಿನಲ್ಲಿ ಬನ್ಸು ತಿಂದು ಕಾಫಿ ಕುಡಿದೆವು. ಚಿಕ್ಕಮ್ಮ ಉಡುಪಿ ತಲುಪಿದ ಸುದ್ದಿಯೂ ಅಷ್ಟರಲ್ಲಿ ಬಂತು.

ಕಾಯುವ ಹೊತ್ತನ್ನು ಮೇಸ್ತ್ರಿ ಸುಮ್ಮನೆ ಕಳೆಯಲಿಲ್ಲ. ಬಲಗಡೆಯ ಚಕ್ರವನ್ನೂ ಬಿಚ್ಚಿದರು. ಅಲ್ಲೂ ಅದೇ ಕಂದು ಗ್ರೀಸು, ಅಲ್ಲೂ ಬುಷ್ ಊದಲು ಶುರುವಾಗಿತ್ತು, ಇನ್ನೂ ಕಚ್ಚಿಕೊಂಡಿರಲಿಲ್ಲ ಅಷ್ಟೆ. ಎರಡು ಕಡೆಯ ಪಿನ್ನಿನ ತೂತುಗಳನ್ನೂ ತಂತಿಗೆ ಬಟ್ಟೆ ಸುತ್ತಿ ಒರೆಸಿ ಒರೆಸಿ, ಬಟ್ಟೆ ಬೆಳ್ಳಗೆ ಬರುವ ತನಕ ಬಿಡಲಿಲ್ಲ. ಪ್ಯಾಡು ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್ಷಿನಿಂದ ತಿಕ್ಕಿದರು. ನೀಲಿಗಟ್ಟಿದ ಡಿಸ್ಕು ಬದಲಿಸಬೇಕಾ ಎಂದು ಚಿಕ್ಕಯ್ಯ ಕೇಳಿದರು. ಮೇಸ್ತ್ರಿ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿಗೆ ತಾಗಿಯೂ ತಾಗದಂತೆ ಹಿಡಿದು ಹಬ್ ತಿರುಗಿಸಿದರು. ಒಂದು ಸುತ್ತಿನಲ್ಲಿ ಒಂದು ಕಡೆ ಕಿರ್ ಎಂದು ಇನ್ನೊಂದು ಕಡೆ ಸುಮ್ಮನಿದ್ದರೆ ಸೊಟ್ಟಗಾಗಿದೆ ಎಂದು ಅರ್ಥ. ಸದ್ದು ಸುತ್ತಿಡೀ ಒಂದೇ ಸಮ ಇತ್ತು. ಬಿರುಕೂ ಇರಲಿಲ್ಲ, ದಪ್ಪವೂ ಬೇಕಾದಷ್ಟಿತ್ತು. "ಇದಕ್ಕೆ ದುಡ್ಡು ಹಾಕ್ಬೇಡಿ" ಎಂದುಬಿಟ್ಟರು. ಹಳ್ಳಿಯ ಮೆಕ್ಯಾನಿಕ್ಕಿಗೆ ಡಿಸ್ಕು ಮಾರಿದರೆ ಸಿಗುವ ಕಮಿಷನ್ ಸಣ್ಣದಲ್ಲ.

ಪೊಟ್ಟಣ ಬಂತು. ಪಿನ್ನಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರು. ಮೆತ್ತಿದರೆ ಒಳಗೆ ಗಾಳಿ ಸಿಕ್ಕಿ ಪಿನ್ನು ವಾಪಸ್ ಒದೆಯುತ್ತದಂತೆ. ಗವಸಿನ ತುಟಿ ಕೊರಕಲಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಉಗುರು ಆಡಿಸಿ ನೋಡಿದರು, ನೀರು ನುಗ್ಗುವುದು ಅಲ್ಲಿಂದಲೇ. ಪ್ಯಾಡುಗಳನ್ನು ಎರಡೂ ಕಡೆಗೆ ಹೊಸದನ್ನೇ ಹಾಕಿದರು. ಒಂದು ಕಡೆ ಹೊಸದು, ಒಂದು ಕಡೆ ಹಳತು ಇದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ.

ಆಮೇಲೆ ಆಯಿಲ್. ಬಾಟಲಿಗೆ ಬಂದಿದ್ದ ಹಳತು ಕರಿ ಕಂದಾಗಿತ್ತು. ಇಷ್ಟು ಕಾದದ್ದನ್ನು ಒಳಗೆ ಇಡುವುದೇ ಬೇಡ ಎಂದರು. ಚಿಕ್ಕಯ್ಯ ಪೆಡಲಿನ ಹತ್ತಿರ, ಮೇಸ್ತ್ರಿ ಚಕ್ರದ ಹತ್ತಿರ, ಬಾನೆಟ್ಟಿನ ಕೆಳಗಿನ ಡಬ್ಬಿ ಬರಿದಾಗದಂತೆ ಹೊಸ ಆಯಿಲ್ ಹೊಯ್ಯುವುದು ನನ್ನ ಪಾಲಿಗೆ. ಡಬ್ಬಿ ಬರಿದಾದರೆ ಗಾಳಿ ನುಗ್ಗಿ ಮೊದಲಿಂದ ಮಾಡಬೇಕು. ಚೆಲ್ಲಿದರೆ ಪೇಂಟು ಎದ್ದುಹೋಗುತ್ತದೆ, ಅದಕ್ಕೆಂದು ಪಕ್ಕದಲ್ಲಿ ಒದ್ದೆ ಬಟ್ಟೆ.

"ಒತ್ತಿ."

"ಒತ್ತಿದೆ."

"ಹಿಡ್ಕಳಿ... ಹಿಡ್ಕಳಿ... ಈಗ ಬಿಡಿ."

ಕಾಲು ಒತ್ತಿರುವಾಗಲೇ ನಿಪ್ಪಲ್ ತೆರೆಯುವುದು, ಕಾಲು ಎತ್ತುವ ಮೊದಲೇ ಮುಚ್ಚುವುದು. ಒಂದು ಕ್ಷಣ ಆಚೀಚೆಯಾದರೆ ಪೈಪಿನಿಂದ ಗಾಳಿ ಒಳಗೆ. ಪೈಪಿನಲ್ಲಿ ಮೊದಮೊದಲು ಗುಳ್ಳೆಗಳು ಓಡಿದವು. ಆಯಿಲ್ ಆಗಲೇ ಕುದಿಯಲು ತೊಡಗಿತ್ತೋ, ಕೆಲಸದ ನಡುವೆ ಸೇರಿದ ಗಾಳಿಯೋ, ಹೇಳುವುದು ಕಷ್ಟ. ನಾಲ್ಕೂ ಚಕ್ರ ಸುತ್ತಿ ಬರುವಷ್ಟರಲ್ಲಿ ಪೈಪಿನಲ್ಲಿ ತಿಳಿ ಹಳದಿ ಬಂತು, ಪೆಡಲ್ ಮೇಲೇ ಗಟ್ಟಿಯಾಗಿ ನಿಂತಿತು.

ಮತ್ತೆ ಮೊದಲಿನ ಪರೀಕ್ಷೆ. ಜೋರಾಗಿ ಒತ್ತಿ ಬಿಟ್ಟ ಮೇಲೆ ಮೇಸ್ತ್ರಿ ಒಂದೇ ಕೈಯಿಂದ ಚಕ್ರ ತಳ್ಳಿದರು. ಪ್ಯಾಡು ಸ್ವಲ್ಪ ಸೋಕುವ ಸಸಸ ಸದ್ದಿನೊಂದಿಗೆ ಸುತ್ತು ಹಾಕಿ ತಾನಾಗಿ ನಿಂತಿತು. ಅಷ್ಟು ಸೋಕುವುದು ಇರಬೇಕಾದದ್ದೇ. ಕೆಳಗಿಳಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ರಸ್ತೆಯ ಸಣ್ಣ ಇಳುಕಲಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ ಬ್ರೇಕ್ ಬಿಡಿಸಿದರೆ ಕಾರು ಯಾರೂ ತಳ್ಳದೆ ಹೊರಟಿತು.

"ಇವತ್ತೇ ಘಾಟಿ ಇಳೀಬಹುದಾ?" ಎಂದು ಕೇಳಿದೆ.

"ಬೇಡ. ಹೊಸ ಪ್ಯಾಡು ಡಿಸ್ಕಿಗೆ ಕೂರ್ಬೇಕು. ಮನೆ ತನಕ ಹೋಗಿ, ಹಿಂದೆ ಗಾಡಿ ಇಲ್ಲದ ಕಡೆ ಆಗಾಗ ಮೆಲ್ಲಗೆ ಒತ್ತಿ ವೇಗ ಇಳಿಸಿ, ಪೂರ್ತಿ ನಿಲ್ಲಿಸ್ಬೇಡಿ, ನಡುವೆ ಆರೋಕೆ ಬಿಡಿ. ನಾಳೆ ಇಳೀರಿ."

ಹಾಗೇ ಮಾಡಿದೆವು. ಮರುದಿನ ಬೆಳಿಗ್ಗೆ ಎರಡನೇ ಗೇರಿನಲ್ಲಿ ಘಾಟಿ ಇಳಿದು ಸೋಮೇಶ್ವರದಲ್ಲಿ ನಿಲ್ಲಿಸಿ ಎರಡೂ ಚಕ್ರಕ್ಕೆ ಕೈ ಒಡ್ಡಿದೆ. ಎರಡೂ ಬಿಸಿ, ಎರಡೂ ಒಂದೇ ಬಿಸಿ. ಹೆಬ್ರಿ ದಾಟಿ ಉಡುಪಿ ತಲುಪಿದಾಗ ಚಿಕ್ಕಮ್ಮನ ಕಣ್ಣಿನ ತಪಾಸಣೆ ಮುಗಿದು ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

ಮುಂದಿನ ವರ್ಷದಿಂದ ಚಿಕ್ಕಯ್ಯ ಒಂದು ಪದ್ಧತಿ ಇಟ್ಟುಕೊಂಡರು. ಮಳೆಗಾಲದಲ್ಲಿ ಕಾರು ಹೊರಗೆ ಹೋಗದಿದ್ದರೂ ವಾರಕ್ಕೊಮ್ಮೆ ಅಂಗಳದಲ್ಲೇ ಹಿಂದೆ ಮುಂದೆ ಮಾಡಿ ನಾಲ್ಕು ಸಲ ಬ್ರೇಕ್ ಒತ್ತುವುದು. ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ, ಕಲ್ಲು ಕೊಟ್ಟು ನಿಲ್ಲಿಸುವುದು. ಮಳೆ ಬಿಟ್ಟ ಮೇಲೆ ಮೇಸ್ತ್ರಿಯನ್ನು ಕರೆಸಿ ಮುಂದಿನ ಎರಡು ಚಕ್ರ ಬಿಚ್ಚಿಸುವುದು. ಆ ಸಲ ಬಿಚ್ಚಿದಾಗ ನಾನೂ ಊರಲ್ಲಿದ್ದೆ. ಕೆಳಗಿನ ಪಿನ್ನನ್ನು ಮೇಸ್ತ್ರಿ ನನ್ನಿಂದಲೇ ಎಳೆಸಿದರು, ಎರಡು ಬೆರಳಿಗೆ ಬಂತು. ಪ್ಯಾಡು ಒಳಗಿನದೂ ಹೊರಗಿನದೂ ಸಮನಾಗಿ ಸವೆದಿದ್ದವು. ಒರೆಸಿ, ಗ್ರೀಸು ಸವರಿ, ಅವನ್ನೇ ಮತ್ತೆ ಹಾಕಿದರು.